ನೂರು ಮೈಲಿ, ಅರವತ್ತನಾಲ್ಕು ಬಡಿತ

ಬೆಂಗಳೂರು ಸಿಟಿ ಸ್ಟೇಷನ್ನಿನಿಂದ ನಮ್ಮ ತಿಪಟೂರಿಗೆ ರೈಲಿನ ಹಾದಿ ಸುಮಾರು 140 ಕಿಲೋಮೀಟರ್, ಅರಸೀಕೆರೆಗೆ 165ರ ಆಸುಪಾಸು. ಬೆಳಗಿನ ಜಾವ ಬೆಂಗಳೂರಿನಲ್ಲಿ ಕುದುರೆ ಹತ್ತಿದವರು ತುಮಕೂರು, ಗುಬ್ಬಿ, ತಿಪಟೂರು ದಾಟಿ ಅರಸೀಕೆರೆಯ ಹತ್ತಿರಕ್ಕೆ ಬಂದರೆ ನೂರು ಮೈಲಿ, ಅಂದರೆ 160 ಕಿಲೋಮೀಟರ್ ಆಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮೊಂಪಾಜಿಯೆ ಎಂಬ ಊರಿನಲ್ಲಿ, ಕೇರಳದ ತಿರೂರಿನ ನಿದಾ ಅಂಜುಮ್ ಚೇಲಾಟ್ ಅಷ್ಟು ದೂರವನ್ನು ಒಂದೇ ಕುದುರೆಯ ಮೇಲೆ 10 ಗಂಟೆ 23 ನಿಮಿಷದ ಸವಾರಿಯಲ್ಲಿ ಮುಗಿಸಿದರು. ಎಂಡ್ಯೂರೆನ್ಸ್ ಸವಾರಿಯ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಅದೂ ಹಿರಿಯರ ವಿಭಾಗದಲ್ಲಿ, ಕೊನೆ ಮುಟ್ಟಿದ ಮೊದಲ ಭಾರತೀಯರು ಅವರು. ಬಂದದ್ದು 17ನೇ ಸ್ಥಾನ.

ನೊಣವಿನಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದ ದಿನ ಈ ಸುದ್ದಿ ಹೇಳಿದೆ. "ಹದಿನೇಳನೆಯದು ಅಂದ್ರೆ ಸೋತಂಗೇ ಅಲ್ವಾ ಡಾಕ್ಟ್ರೇ?" ಅಂದರು. ಅಲ್ಲ, ಈ ಆಟದಲ್ಲಿ ಹೊರಟವರಲ್ಲಿ ಎಷ್ಟೋ ಮಂದಿಯನ್ನು ನಡುದಾರಿಯಲ್ಲೇ ನಿಲ್ಲಿಸಿಬಿಡುತ್ತಾರೆ ಅಂದೆ. "ಯಾರು ನಿಲ್ಸೋದು?" ನಮ್ಮಂಥ ದನದ ಡಾಕ್ಟ್ರು ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಕುದುರೆ ಮಾತ್ರ ನಿಲ್ಸೋದಾ, ಮೇಲಿರೋರನ್ನೂ ನಿಲ್ಸೋದಾ?" ಅಂತ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು.

ನಾನು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೈಯಾಡಿಸಿದ್ದೆಲ್ಲ ಹೆಚ್ಚಾಗಿ ಹಸು, ಎಮ್ಮೆ, ಎತ್ತು, ಕುರಿ. ಕುದುರೆ ಅಂದರೆ ಮದುವೆ ಮೆರವಣಿಗೆಯದ್ದು, ಅದಕ್ಕೂ ಹಿಂದೆ ಜಟಕಾ ಗಾಡಿಯದ್ದು. ಹಾಗಿದ್ದೂ ಈ ಆಟದ ನಿಯಮಗಳನ್ನು ಓದುವುದು ನನಗೊಂದು ಹುಚ್ಚು. ಓಟದ ಆಟವೊಂದರಲ್ಲಿ ಗೆಲುವನ್ನು ಸ್ಟೆತಸ್ಕೋಪಿಗೆ ಬಿಟ್ಟಿರುವುದನ್ನು ಬೇರೆಲ್ಲೂ ನಾನು ನೋಡಿಲ್ಲ.

ಅಂತಾರಾಷ್ಟ್ರೀಯ ಸ್ಪರ್ಧೆಗಳನ್ನು ನಡೆಸುವುದು ಎಫ್‌ಇಐ, ಅಂದರೆ ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ. ಅವರ ಲೆಕ್ಕದಲ್ಲಿ ಒಂದು ನಕ್ಷತ್ರದ ಸ್ಪರ್ಧೆ ಎಂದರೆ 100ರಿಂದ 119 ಕಿಲೋಮೀಟರ್, ಎರಡು ನಕ್ಷತ್ರಕ್ಕೆ 120ರಿಂದ 139, ಮೂರಕ್ಕೆ 140ರಿಂದ 160. ದಾರಿಯನ್ನು ಸುತ್ತುಗಳಾಗಿ ಮುರಿದಿರುತ್ತಾರೆ. ಒಂದು ಸುತ್ತು 40 ಕಿಲೋಮೀಟರ್ ಮೀರುವಂತಿಲ್ಲ. ಸುತ್ತು ಮುಗಿಸಿ ಬಂದ ಕುದುರೆಯ ತಡಿ ಬಿಚ್ಚಿ, ನೀರು ಸುರಿದು, ತಣಿಸಿ, 15 ನಿಮಿಷದೊಳಗೆ ವೈದ್ಯರ ಮುಂದೆ ನಿಲ್ಲಿಸಬೇಕು. ಎದೆಬಡಿತ ನಿಮಿಷಕ್ಕೆ 64ರೊಳಗೆ ಇಳಿದಿರಬೇಕು. ಇಳಿಯದಿದ್ದರೆ ಆಟ ಅಲ್ಲಿಗೇ ಮುಗಿಯಿತು. ಇಳಿದಿದ್ದರೂ ಸಾಲದು, ಕುದುರೆಯನ್ನು ಹಗ್ಗ ಹಿಡಿದು ನೇರ ಗೆರೆಯಲ್ಲಿ ಓಡಿಸಿ ತೋರಿಸಬೇಕು. ಒಂದು ಕಾಲು ಎತ್ತಿ ಇಡುವುದರಲ್ಲಿ ಕುಂಟು ಕಂಡರೂ ಮನೆಗೆ. ಪಾಸಾದ ಕುದುರೆಗೂ ಮುಂದಿನ ಸುತ್ತಿಗೆ ಮೊದಲು ಕಡ್ಡಾಯ ವಿಶ್ರಾಂತಿ ಇದೆ. ಕೊನೆಯ ಗೆರೆ ಎಲ್ಲರಿಗಿಂತ ಮೊದಲು ದಾಟಿದ ಕುದುರೆಗೂ ಪರೀಕ್ಷೆ ತಪ್ಪಿದ್ದಲ್ಲ. ಅದರಲ್ಲಿ ಬಿದ್ದರೆ ಮೊದಲ ಸ್ಥಾನ ಹಿಂದಿನವರಿಗೆ ಹೋಗುತ್ತದೆ.

ಸುಮ್ಮನೆ ನಿಂತಿರುವ ಆರೋಗ್ಯವಂತ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ ಅದು 200ರ ಮೇಲೂ ಏರಬಲ್ಲದು. ಏರುವುದು ದೊಡ್ಡ ವಿಷಯವಲ್ಲ, ಯಾವ ಕುದುರೆಗಾದರೂ ಏರುತ್ತದೆ. ಎಷ್ಟು ಬೇಗ ಇಳಿಯುತ್ತದೆ ಎನ್ನುವುದರಲ್ಲೇ ಅದರ ತಾಕತ್ತು ಗೊತ್ತಾಗುವುದು. ಒಳಗೆ ನೀರು ಬತ್ತಿದ್ದರೆ, ಮೈ ಕಾವೇರಿದ್ದರೆ, ಎಲ್ಲಾದರೂ ನೋವಿದ್ದರೆ ಬಡಿತ ಕೆಳಗಿಳಿಯಲು ಒಪ್ಪುವುದಿಲ್ಲ. ಕುದುರೆ ಬಾಯಿ ಬಿಟ್ಟು ಹೇಳಲಾರದ್ದನ್ನೆಲ್ಲ ಆ ಒಂದು ಸಂಖ್ಯೆ ಹೇಳಿಬಿಡುತ್ತದೆ. ವೈದ್ಯರು ಅಷ್ಟಕ್ಕೇ ಬಿಡುವುದಿಲ್ಲ. ಕತ್ತಿನ ಚರ್ಮ ಚಿವುಟಿ ಎಷ್ಟು ಬೇಗ ಮೊದಲಿನಂತಾಗುತ್ತದೆ ನೋಡುತ್ತಾರೆ, ವಸಡು ಒತ್ತಿ ಕೆಂಪು ಮರಳುವುದನ್ನು ಎಣಿಸುತ್ತಾರೆ, ಪಕ್ಕೆಗೆ ಕಿವಿಯಿಟ್ಟು ಕರುಳಿನ ಗುಡುಗುಡು ಕೇಳುತ್ತದೆಯೋ ಇಲ್ಲವೋ ಆಲಿಸುತ್ತಾರೆ. ಇವೆಲ್ಲ ಬಿಸಿಲಿಗೆ ಬಿದ್ದ ಎತ್ತಿಗೆ ನಾನು ಮಾಡುತ್ತಿದ್ದ ಪರೀಕ್ಷೆಗಳೇ.

ಬೆವರಿನ ವಿಷಯದಲ್ಲಿ ಮಾತ್ರ ಕುದುರೆಯ ದಾರಿ ಬೇರೆ. ಸೆಕೆಯಲ್ಲಿ ಓಡುವ ಕುದುರೆ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರಬಲ್ಲದು. ಅದರ ಬೆವರು ರಕ್ತಕ್ಕಿಂತ ಉಪ್ಪು. ನೀರಿನ ಜತೆ ಉಪ್ಪೂ ಹೋಗಿಬಿಡುವುದರಿಂದ ಬಾಯಾರಿಕೆಯೇ ಆಗುವುದಿಲ್ಲ. ಒಣಗಿಹೋದ ಕುದುರೆ ನೀರಿನ ತೊಟ್ಟಿಯ ಮುಂದೆ ನಿಂತು ಮೂತಿ ತಿರುಗಿಸುತ್ತದೆ. ಉಪ್ಪಿನಂಶ ಇನ್ನೂ ಕೆಳಗಿಳಿದರೆ ಎದೆ ಬಡಿದಾಗಲೆಲ್ಲ ಪಕ್ಕೆ ಅದುರತೊಡಗುತ್ತದೆ, ದೂರದಿಂದ ನೋಡಿದವರಿಗೆ ಬಿಕ್ಕಳಿಕೆ ಅನ್ನಿಸಬೇಕು. ಅಂಥ ಕುದುರೆ ಮೇಲೆ ಕೂತು ಇನ್ನೊಂದು ಸುತ್ತು ಹೋಗುತ್ತೇನೆ ಅನ್ನುವವರನ್ನು ತಡೆಯಲೆಂದೇ ವೈದ್ಯರು ಇರುವುದು.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಬಂತು ಎಂದು ಕೇಳಿದರೆ ನಾನು 1892ರ ಅಕ್ಟೋಬರಿನ ಕಥೆ ಹೇಳುತ್ತೇನೆ. ಆಸ್ಟ್ರಿಯಾ ಮತ್ತು ಜರ್ಮನಿಯ ಸೈನ್ಯಾಧಿಕಾರಿಗಳು ವಿಯೆನ್ನಾ ಮತ್ತು ಬರ್ಲಿನ್ ನಡುವಿನ ಸುಮಾರು 580 ಕಿಲೋಮೀಟರನ್ನು ಯಾರು ಬೇಗ ಕ್ರಮಿಸುತ್ತಾರೆ ಎಂದು ಪಂತ ಕಟ್ಟಿಕೊಂಡರು. ಆಸ್ಟ್ರಿಯಾದವರು ಬರ್ಲಿನ್ನಿಗೆ, ಜರ್ಮನರು ವಿಯೆನ್ನಾಕ್ಕೆ. ಗೆದ್ದ ಕೌಂಟ್ ಸ್ಟಾರೆಂಬರ್ಗ್ ಅಥೋಸ್ ಎಂಬ ಕುದುರೆಯ ಮೇಲೆ 71 ಗಂಟೆ 26 ನಿಮಿಷದಲ್ಲಿ ತಲುಪಿದ. ಅಥೋಸ್ ಆಮೇಲೆ ಸತ್ತಿತು. ದಾರಿಯಲ್ಲೂ ಊರು ಮುಟ್ಟಿದ ಮೇಲೂ ಸತ್ತ ಕುದುರೆಗಳು ಇನ್ನೂ ಇದ್ದವು. ಗೆದ್ದವನಿಗೆ ಬಹುಮಾನ ಕೊಟ್ಟರು. ಇವತ್ತಿನ ನಿಯಮದಲ್ಲಾಗಿದ್ದರೆ ಅವನ ಹೆಸರು ಪಟ್ಟಿಯಲ್ಲೇ ಇರುತ್ತಿರಲಿಲ್ಲ.

ಈಗ ದೇಶ ದೇಶಗಳ ಮಾತು. ನೂರು ಮೈಲಿ ಎಲ್ಲ ಕಡೆಯೂ ನೂರು ಮೈಲಿಯೇ, ಆದರೆ ಅದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಯಾರನ್ನು ಗೆದ್ದವರು ಅನ್ನುತ್ತಾರೆ ಎನ್ನುವುದು ಒಂದೊಂದು ಕಡೆ ಒಂದೊಂದು ಥರ. ತಿಪಟೂರಿನ ಮಾರುಕಟ್ಟೆಯಲ್ಲಿ ಎರಡು ಚೀಲ ಕೊಬ್ಬರಿಯ ತೂಕ ಒಂದೇ ಇದ್ದರೂ ಖರೀದಿದಾರ ಒಡೆದು ಒಳಗೆ ನೋಡದೆ ಬೆಲೆ ಹೇಳುವುದಿಲ್ಲವಷ್ಟೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ವೆಂಡೆಲ್ ರಾಬಿ ಎಂಬಾತ ಟಾಹೋ ಸರೋವರದ ಕಡೆಯಿಂದ ಆಬರ್ನ್ ಊರಿಗೆ ಸಿಯೆರಾ ನೆವಾಡಾ ಬೆಟ್ಟಗಳನ್ನು ಹಾದು ನೂರು ಮೈಲಿ ಸವಾರಿ ಮಾಡಿ ತೋರಿಸಿದ. ಇವತ್ತು ನಡೆಯುವ ಈ ಆಟಕ್ಕೆಲ್ಲ ಅದೇ ಬುಡ. ಟೆವಿಸ್ ಕಪ್ ಎಂದು ಹೆಸರಾದ ಆ ಸ್ಪರ್ಧೆಯಲ್ಲಿ ಬೆಳಗಿನ ಜಾವ 5.15ಕ್ಕೆ ಹೊರಟವರು ಮರುದಿನ 5.15ರೊಳಗೆ ತಲುಪಬೇಕು, ಊಟ ವಿಶ್ರಾಂತಿ ಎಲ್ಲ ಸೇರಿ ಇಪ್ಪತ್ತನಾಲ್ಕು ಗಂಟೆ. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮುಟ್ಟುತ್ತಾರೆ. ಮುಟ್ಟಿದವರೆಲ್ಲರಿಗೂ ಒಂದು ಬೆಳ್ಳಿಯ ಬೆಲ್ಟ್ ಬಕಲ್. ಮೊದಲು ಬಂದವರಿಗೆ ಕಪ್ ಇದೆ, ನಿಜ. ಅದರ ಜತೆಗೆ ಹ್ಯಾಗಿನ್ ಕಪ್ ಎಂಬ ಇನ್ನೊಂದಿದೆ. ಮೊದಲ ಹತ್ತರಲ್ಲಿ ಬಂದ ಕುದುರೆಗಳಲ್ಲಿ ಯಾವುದು ಅತ್ಯುತ್ತಮ ಸ್ಥಿತಿಯಲ್ಲಿದೆಯೋ ಅದಕ್ಕೆ ಕೊಡುವಂಥದ್ದು. ಅಲ್ಲಿನ ಸವಾರರಲ್ಲಿ ಅನೇಕರು ಹ್ಯಾಗಿನ್ ಕಪ್ಪನ್ನೇ ದೊಡ್ಡದೆಂದು ತಿಳಿಯುತ್ತಾರೆ. ನಾನೂ ಆ ಕಡೆಯವನೇ.

1972ರಲ್ಲಿ ಹುಟ್ಟಿದ ಅಮೆರಿಕದ ಎಂಡ್ಯೂರೆನ್ಸ್ ಸವಾರರ ಸಂಘವೂ ಇದೇ ಜಾಡಿನದು. ಮುಗಿಸಿದವರೆಲ್ಲ ಗೆದ್ದವರೇ ಎನ್ನುವುದು ಅವರ ಧ್ಯೇಯ. 50 ಮೈಲಿಗೆ 12 ಗಂಟೆ ಕೊಡುತ್ತಾರೆ, ಅಂದರೆ ಗಂಟೆಗೆ ಏಳು ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಹೋದರೂ ಮುಟ್ಟಬಹುದು. ಹೊಸಬರಿಗೆಂದು 25ರಿಂದ 35 ಮೈಲಿಯ ಸಣ್ಣ ಸವಾರಿಗಳಿವೆ. ಅಲ್ಲಿ ಗೆರೆ ದಾಟಿದ ತಕ್ಷಣ ಗಡಿಯಾರ ನಿಲ್ಲುವುದಿಲ್ಲ, ಕುದುರೆಯ ನಾಡಿ 60ಕ್ಕೆ ಇಳಿದಾಗ ನಿಲ್ಲುತ್ತದೆ. ಹಾರಿಕೊಂಡು ಬಂದವನು ಕುದುರೆಯ ಪಕ್ಕ ನಿಂತು ಕಾಯುತ್ತಿರುತ್ತಾನೆ, ಹಿಂದೆ ನಿಧಾನವಾಗಿ ಬಂದವಳು ಬಂದ ಎರಡೇ ನಿಮಿಷಕ್ಕೆ ಪಾಸಾಗಿ ಅವನಿಗಿಂತ ಮೇಲಿನ ಸ್ಥಾನ ಪಡೆಯುತ್ತಾಳೆ. ಇಂಥ ನಿಯಮ ಬರೆದವರ ಪಕ್ಕದಲ್ಲಿ ಒಬ್ಬ ಪಶುವೈದ್ಯ ಕೂತಿದ್ದಿರಲೇಬೇಕು. 'ಬಂದವಳು' ಅಂದದ್ದು ಬಾಯಿಗೆ ಬಂದ ಹಾಗಲ್ಲ. ಅಲ್ಲಿನ ಸವಾರರಲ್ಲಿ ಹೆಂಗಸರೇ ಹೆಚ್ಚು, ಅದರಲ್ಲೂ ನಡುವಯಸ್ಸು ದಾಟಿದವರು ಬಹಳ. ಮನೆಯ ಹಿಂದೆ ಒಂದೋ ಎರಡೋ ಕುದುರೆ ಸಾಕಿಕೊಂಡು, ವಾರದ ಕೊನೆಗೆ ಅದನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿ ಬಯಲಲ್ಲಿ ಬಿಡಾರ ಹೂಡುವ ಜನ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೂ ಈ ಆಟಕ್ಕೆ ಗಂಡು ಹೆಣ್ಣೆಂಬ ಬೇರೆ ಬೇರೆ ವಿಭಾಗ ಇಲ್ಲ.

ಆಸ್ಟ್ರೇಲಿಯಾದವರು 1966ರಲ್ಲಿ ಟಾಮ್ ಕ್ವಿಲ್ಟಿ ಗೋಲ್ಡ್ ಕಪ್ ಶುರು ಮಾಡಿದರು. ಅದೂ 160 ಕಿಲೋಮೀಟರ್, 24 ಗಂಟೆ, ಹೊರಡುವುದು ನಡುರಾತ್ರಿ. ಮೊದಲ ವರ್ಷ ಗೆದ್ದ ಗೇಬ್ರಿಯಲ್ ಸ್ಟೆಕರ್ ತಡಿಯೇ ಇಲ್ಲದೆ ಬರಿ ಬೆನ್ನಿನ ಮೇಲೆ ಕೂತು ಬಂದಿದ್ದನಂತೆ. ಬ್ರಿಟನ್ನಿನಲ್ಲಿ ವೇಗ ಮತ್ತು ನಾಡಿ ಎರಡನ್ನೂ ಒಟ್ಟು ಮಾಡಿ ಶ್ರೇಣಿ ಕೊಡುವ ಸವಾರಿಗಳಿವೆ. ಮಂಗೋಲಿಯಾದಲ್ಲಿ 2009ರಿಂದ ನಡೆಯುತ್ತಿರುವ ಮಂಗೋಲ್ ಡರ್ಬಿ 1,000 ಕಿಲೋಮೀಟರಿನದು. ಆದರೆ ಸುಮಾರು 40 ಕಿಲೋಮೀಟರಿಗೊಮ್ಮೆ ಕುದುರೆ ಬದಲಾಗುತ್ತದೆ, ಚೆಂಗಿಸ್ ಖಾನನ ಕಾಲದ ಅಂಚೆಯ ಮಾದರಿ. ದಣಿಯುವುದು ಸವಾರ ಮಾತ್ರ, ಹಾಗಾಗಿ ಅದನ್ನು ಈ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ.

ಫ್ರಾನ್ಸಿನದು ಬೇರೆಯೇ ಜಾಣತನ. 20, 40, 60, 80 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಪರ್ಧೆಗಳು. ಕೆಳಗಿನ ಮೆಟ್ಟಿಲುಗಳಲ್ಲಿ ವೇಗಕ್ಕೆ ಮಿತಿ ಹಾಕಿರುತ್ತಾರೆ, ಮಿತಿಗಿಂತ ಬೇಗ ಬಂದರೂ ತಪ್ಪು, ತಡವಾಗಿ ಬಂದರೂ ತಪ್ಪು. ಎಳೆಯ ಕುದುರೆಯೊಂದು ಕೆಲವು ವರ್ಷ ಈ ಮೆಟ್ಟಿಲುಗಳಲ್ಲೇ ಪಳಗಿ, ಮೂಳೆ ನರ ಗಟ್ಟಿಯಾದ ಮೇಲೆ ದೊಡ್ಡ ದೂರಕ್ಕೆ ಹೋಗುತ್ತದೆ. ಸ್ನಾಯು ಕೆಲವು ತಿಂಗಳಲ್ಲಿ ಬಲಿಯುತ್ತದೆ, ಮೂಳೆಗೂ ಅದಕ್ಕಂಟಿದ ಕಂಡರಕ್ಕೂ ವರ್ಷಗಳೇ ಬೇಕು. ಬಲಿತ ಸ್ನಾಯು ಬಲಿಯದ ಕಾಲನ್ನು ಎಳೆದುಕೊಂಡು ಹೋಗಿ ಮುರಿದುಬಿಡುತ್ತದೆ. ಹೋರಿಗಳನ್ನು ಬೇಗ ನೊಗಕ್ಕೆ ಹೂಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೂ ಕಾರಣ ಇದೇ. ಎಫ್‌ಇಐ ಕೂಡ ಸವಾರ ಮತ್ತು ಕುದುರೆ ಇಬ್ಬರೂ ಮೊದಲು 40ರಿಂದ 79, ಆಮೇಲೆ 80ರಿಂದ 100 ಕಿಲೋಮೀಟರಿನ ಸವಾರಿಗಳನ್ನು ಗಂಟೆಗೆ 16 ಕಿಲೋಮೀಟರ್ ಮೀರದಂತೆ ಮುಗಿಸಿದ ಮೇಲಷ್ಟೇ ನಕ್ಷತ್ರದ ಬಾಗಿಲು ತೆಗೆಯುತ್ತದೆ.

ಇದಕ್ಕೆ ಎದುರು ತುದಿಯಲ್ಲಿರುವುದು ಕೊಲ್ಲಿ ದೇಶಗಳು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಈ ಆಟ ರಾಜಮನೆತನಗಳ ಪ್ರತಿಷ್ಠೆ. ಅಲ್ಲಿನ ದೊಡ್ಡ ಸ್ಪರ್ಧೆಗಳಲ್ಲಿ ನೂರೈವತ್ತರ ಮೇಲೆ ಕುದುರೆಗಳು ಒಟ್ಟಿಗೆ ಹೊರಡುವುದುಂಟು. ಮರಳುಗಾಡನ್ನು ಸಮತಟ್ಟು ಮಾಡಿದ ದಾರಿ, ಪಕ್ಕದಲ್ಲೇ ಓಡುವ ಕಾರುಗಳ ಸಾಲು, ಲಾಯಗಳಲ್ಲಿ ನಮ್ಮ ದೇಶದಿಂದಲೂ ಪಾಕಿಸ್ತಾನ, ಬಾಂಗ್ಲಾದೇಶಗಳಿಂದಲೂ ಹೋಗಿ ಕುದುರೆ ತಿಕ್ಕುವ ಹುಡುಗರು. ಸಪಾಟು ನೆಲದ ಮೇಲೆ ಗೆಲ್ಲುವ ಕುದುರೆಯ ಸರಾಸರಿ ವೇಗ ಗಂಟೆಗೆ 25 ಕಿಲೋಮೀಟರನ್ನೂ ಮೀರುತ್ತದೆ. ನೂರು ಮೈಲಿಯ ಆಟ ಹೀಗೆ ರೇಸಾಗಿ ಹೋಯಿತು. ಕಾಲು ಮುರಿದ, ಬಿದ್ದು ಸತ್ತ ಕುದುರೆಗಳ ಸುದ್ದಿ ಹೆಚ್ಚಾಗಿ, ಕುದುರೆಗಳ ಕ್ಷೇಮ ಮತ್ತು ನಿಯಮಪಾಲನೆಯ ಕಾರಣ ಕೊಟ್ಟು 2015ರ ಮಾರ್ಚಿನಲ್ಲಿ ಎಫ್‌ಇಐ ಆ ದೇಶದ ಒಕ್ಕೂಟವನ್ನೇ ಅಮಾನತು ಮಾಡಿತು. ಜುಲೈನಲ್ಲಿ ಅಮಾನತು ತೆಗೆದರೂ 2016ರ ವಿಶ್ವ ಚಾಂಪಿಯನ್‌ಷಿಪ್ ದುಬೈಯಿಂದ ಸ್ಲೊವಾಕಿಯಾದ ಶಾಮೊರಿನ್‌ಗೆ ಹೋಯಿತು. ಅದೇ ದೇಶದೊಳಗಿನಿಂದಲೇ ಮದ್ದೂ ಬಂತು ಎನ್ನುವುದನ್ನು ಹೇಳದಿದ್ದರೆ ಅನ್ಯಾಯ. ಅಬುಧಾಬಿಯ ಬೌದೀಬ್ ಎಂಬಲ್ಲಿ ಶೇಖ್ ಸುಲ್ತಾನ್ ಬಿನ್ ಜಾಯೆದ್ ಅವರ ಸ್ಪರ್ಧೆಗಳಲ್ಲಿ ವೇಗಕ್ಕೆ ಗಂಟೆಗೆ 20 ಕಿಲೋಮೀಟರಿನ ಮಿತಿ ಹಾಕಿ, ನಾಡಿಯನ್ನು 64ರ ಬದಲು 56ಕ್ಕೆ ಇಳಿಸಿದರು. ಕಾಗದದ ಮೇಲೆ ಎಂಟು ಬಡಿತದ ವ್ಯತ್ಯಾಸ ಅಷ್ಟೆ. ಆದರೆ 56ಕ್ಕೆ ಇಳಿಯಬೇಕಾದರೆ ಕೊನೆಯ ನಾಲ್ಕೈದು ಕಿಲೋಮೀಟರನ್ನು ಸವಾರ ಸಾವಕಾಶವಾಗಿಯೇ ಬರಬೇಕು.

ಅಮೆರಿಕದಲ್ಲೂ ಎಲ್ಲ ಸುಸೂತ್ರವಿಲ್ಲ. 2018ರಲ್ಲಿ ಉತ್ತರ ಕೆರೊಲಿನಾದ ಟ್ರೈಯನ್ ಎಂಬಲ್ಲಿ ನಡೆದ ಕುದುರೆ ಸವಾರಿಯ ವಿಶ್ವಕೂಟದಲ್ಲಿ ಎಂಡ್ಯೂರೆನ್ಸ್ ಸ್ಪರ್ಧೆ ತಪ್ಪು ದಾರಿ ತೋರಿಸಿದ ಗೊಂದಲದಿಂದ ಶುರುವಾಗಿ, ಸೆಕೆ ಮತ್ತು ಗಾಳಿಯ ತೇವ ಹೆಚ್ಚಾದ್ದರಿಂದ ಅರ್ಧದಲ್ಲೇ ರದ್ದಾಯಿತು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈ ತಣಿಸುವುದಿಲ್ಲ. ನಮ್ಮ ಕರಾವಳಿಯಲ್ಲಿ ಇಂಥ ಸ್ಪರ್ಧೆ ಇಡುತ್ತೇವೆ ಎನ್ನುವವರು ಆ ದಿನದ ವರದಿಯನ್ನು ಮೊದಲು ಓದಬೇಕು.

ನಮ್ಮ ಕಡೆಗೆ ಬಂದರೆ, ಕುದುರೆಗಿಂತ ಮುಂಚೆ ಎತ್ತಿನ ಮಾತು ಬರುತ್ತದೆ. ತಿಪಟೂರಿಗೆ ಹತ್ತಿರದ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಕೇಂದ್ರವಿದೆ. ಹೈದರ್ ಅಲಿ ಚಿದಂಬರದ ಕಡೆಗೆ ದಂಡು ಕಟ್ಟಿಕೊಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಅದೂ ತೋಪು ಎಳೆದುಕೊಂಡು! ಅಲ್ಲಿ ನಾಡಿ ಎಣಿಸಿದವರು ಯಾರೂ ಇರಲಿಕ್ಕಿಲ್ಲ. ಆದರೆ ಆ ಎತ್ತುಗಳು ಕಾವಲುಗಳಲ್ಲಿ ಅಲೆದು, ಕಲ್ಲು ನೆಲದಲ್ಲಿ ಮೇದು ಬೆಳೆದವು. ಕಟ್ಟಿಹಾಕಿ ಸಾಕಿದವಲ್ಲ.

ಕುದುರೆ ನಮಗೆ ಹೊರಗಿನಿಂದ ಬಂದ ಪ್ರಾಣಿ. ವಿಜಯನಗರದವರು ಭಟ್ಕಳ, ಹೊನ್ನಾವರ, ಗೋವೆಗಳ ಮೂಲಕ ಅರಬ್ಬಿ ಕುದುರೆ ತರಿಸುತ್ತಿದ್ದರು. ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಬಾಲ ತಂದು ತೋರಿಸಿದರೆ ದುಡ್ಡು ಕೊಡುತ್ತಿದ್ದನೆಂದು ಪೋರ್ಚುಗಲ್ಲಿನ ನೂನಿಜ್ ಬರೆದಿಟ್ಟಿದ್ದಾನೆ. ಬೆಂಗಳೂರಿನ ಅಲಿ ಆಸ್ಕರ್ ರಸ್ತೆಗೆ ಹೆಸರು ಕೊಟ್ಟ ಆಗಾ ಅಲಿ ಆಸ್ಕರ್ 1824ರ ಸುಮಾರಿಗೆ ಇರಾನಿನ ಶಿರಾಜ್‌ನಿಂದ ಕುದುರೆಗಳನ್ನು ತಂದು ಮಾರಿದವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ತಾತ. ನಮ್ಮ ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ದಂಡಿಗೆ ಕುದುರೆ ಒದಗಿಸಲು ಹುಟ್ಟಿದ್ದು. ಆಮೇಲೆ ಅದು ಬೆಂಗಳೂರಿನ ರೇಸಿಗೆ ಥರೋಬ್ರೆಡ್ ತಳಿ ಬೆಳೆಸಿ ಹೆಸರು ಮಾಡಿತು. ಡರ್ಬಿ ಓಟವೆಂದರೆ 2,400 ಮೀಟರ್, ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಎಂಡ್ಯೂರೆನ್ಸಿಗೆ ಆ ಕುದುರೆ ಒಗ್ಗುವುದು ಕಷ್ಟ. ದೂರಕ್ಕೆ ಬೇಕಾದದ್ದು ಅರಬ್ಬಿ ತಳಿ. ಮೈ ಚಿಕ್ಕದು, ಚರ್ಮ ತೆಳುವು, ಬೇಗ ತಣಿಯುತ್ತದೆ, ನಿಧಾನವಾಗಿ ಉರಿಯುವ ಸ್ನಾಯು ಹೆಚ್ಚು.

ಬೆಂಗಳೂರಿನ ಕುದುರೆ ಸವಾರ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯವರಾದರು. ಅವರ ತಂದೆಯೂ ಪಶುವೈದ್ಯರು ಎಂದು ಓದಿದಾಗ ನನಗೆ ಸಕಾರಣವಾಗಿಯೇ ಖುಷಿಯಾಯಿತು. ಫೌವಾದ್ ಅವರದು ಈವೆಂಟಿಂಗ್ ಎಂಬ ಬೇರೆ ವಿದ್ಯೆ. ಆದರೆ ಒಂದು ವಿಷಯದಲ್ಲಿ ಅವರೂ ನಿದಾ ಅವರೂ ಒಂದೇ. ಇಬ್ಬರೂ ಪಳಗಿದ್ದು ಹೊರದೇಶದಲ್ಲಿ, ಏರಿದ್ದು ಅಲ್ಲಿನ ಕುದುರೆ. ನಿದಾ 2023ರಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನ 120 ಕಿಲೋಮೀಟರ್ ಮುಗಿಸಿದ್ದೂ ಫ್ರಾನ್ಸಿನಲ್ಲೇ. ಇಲ್ಲಿಂದ ಕುದುರೆಯೊಂದನ್ನು ಯುರೋಪಿಗೆ ಕರೆದೊಯ್ಯಲು ರೋಗಗಳ ಭಯದಿಂದ ಹಾಕಿದ ನಿರ್ಬಂಧಗಳು ದೊಡ್ಡ ಗೋಡೆಯಾಗಿ ನಿಂತಿದ್ದವು. 2025ರಲ್ಲಿ ಮೀರತ್‌ನ ಸೈನ್ಯದ ಪಶುವೈದ್ಯ ಕೇಂದ್ರದಲ್ಲಿ ಕುದುರೆ ರೋಗಮುಕ್ತ ವಲಯವೊಂದಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿ ಆ ಗೋಡೆಯಲ್ಲಿ ಒಂದು ಬಾಗಿಲು ತೆರೆದಿದೆ. ದೇಶದೊಳಗಿನ ಸ್ಪರ್ಧೆಗಳಾದರೋ ಬಹುಮಟ್ಟಿಗೆ 40, 60, 80 ಕಿಲೋಮೀಟರಿನವು, ಸವಾರರಲ್ಲಿ ಸೈನ್ಯ ಮತ್ತು ಪೊಲೀಸಿನವರ ಪಾಲು ದೊಡ್ಡದು. ಮೆಟ್ಟಿಲಿನ ಕೆಳಗಿನ ಹಂತ ಇದೆ, ಮೇಲಿನದು ಇಲ್ಲ.

40 ಕಿಲೋಮೀಟರಿನ ಒಂದು ಸವಾರಿಗೆ ನಮ್ಮ ಸೀಮೆ ಹೇಳಿ ಮಾಡಿಸಿದ ಜಾಗ ಎಂದು ನನ್ನ ವಾದ. ಡಿಸೆಂಬರ್, ಜನವರಿಯ ಚಳಿ, ತೋಟಗಳ ನಡುವಿನ ಮಣ್ಣಿನ ಗಾಡಿಜಾಡು, ಹಳ್ಳಿಗೊಂದು ಕಟ್ಟೆ, ನೀರು. ಕೊನೇಹಳ್ಳಿಯ ಕಡೆಯಿಂದ ಹೊರಟು ನೊಣವಿನಕೆರೆಯ ಏರಿ ಮೇಲೆ ಒಂದು ತಪಾಸಣೆ, ತುರುವೇಕೆರೆಯ ದಿಕ್ಕಿಗೆ ಒಂದಿಷ್ಟು ಹೋಗಿ ವಾಪಸ್. ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ, "ತೋಟದೊಳಗೆ ಕುದುರೆ ಬುಟ್ರೆ ಡ್ರಿಪ್ಪು ಪೈಪು ಉಳೀತಾವಾ?" ಅಂದರು. ದಾರಿ ಬಿಟ್ಟು ಇಳಿಯದ ಹಾಗೆ ಸುಣ್ಣದ ಗೆರೆ ಹಾಕಬಹುದು ಅಂದೆ. ವೈದ್ಯರು ಸಿಗುತ್ತಾರೆ, ಹುರುಳಿ ಸಿಗುತ್ತದೆ, ಬೆಂಗಳೂರಿನ ಸವಾರಿ ಶಾಲೆಗಳಿಂದ ಕುದುರೆಗಳೂ ಬಂದಾವು. ಸಿಗದವರು ಲಾಳ ಕಟ್ಟುವವರು. ನಡುದಾರಿಯಲ್ಲಿ ಲಾಳ ಸಡಿಲಾದ ಕುದುರೆ ಕುಂಟತೊಡಗಿದರೆ ಕೈಯಲ್ಲಿ ಸುತ್ತಿಗೆ ಹಿಡಿದ ಒಬ್ಬ ಕಸುಬುದಾರ ಅಲ್ಲೇ ಇರಬೇಕು. ನಮ್ಮ ಸಂತೆಗಳಲ್ಲಿ ಎತ್ತಿಗೆ ಲಾಳ ಹೊಡೆಯುವವರನ್ನೇ ಈಗ ಹುಡುಕಿಕೊಂಡು ಹೋಗಬೇಕು.